ಸಿಹಿಯುಂಟು, ಸಕ್ಕರೆಯಿಲ್ಲ

ಕಳೆದ ಎರಡು ತಿಂಗಳುಗಳಲ್ಲಿ ಈ ಪುಟಕ್ಕೆ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತವಾಗಿವೆ. ಚನ್ನಗಿರಿಯ ಅಡಕೆ ತೋಟದ ಗೃಹಸ್ಥರೊಬ್ಬರು, ತಮಗೆ ಮಧುಮೇಹವಿರುವುದಾಗಿಯೂ, ಆರು ವರ್ಷಗಳಿಂದ ಕಾಫಿಗೆ ಸಕ್ಕರೆಯ ಬದಲು ಸಿಹಿಗುಳಿಗೆಯನ್ನು ಹಾಕಿಕೊಳ್ಳುತ್ತಿರುವುದಾಗಿಯೂ ತಿಳಿಸಿ, ಇದರಿಂದ ಅರ್ಬುದ ರೋಗ ಬರುವುದೆಂದು ಜನ ಹೇಳುವುದು ನಿಜವೆ ಎಂದು ಕೇಳಿದ್ದಾರೆ. ಹೊನ್ನಾಳಿಯ ಗೃಹಿಣಿಯೊಬ್ಬರು, ಹಬ್ಬದ ದಿನ ಯಜಮಾನರಿಗೆ ಸಕ್ಕರೆಯಿಲ್ಲದ ಸಿಹಿಪುಡಿಯಿಂದ ಹೋಳಿಗೆ ಮಾಡಿಕೊಟ್ಟರೆ ಅವರು ಮನಸ್ಸು ತೃಪ್ತಿಯಾಗುವಷ್ಟು ತಿನ್ನಬಹುದೆ ಎಂದು ಕೇಳಿದ್ದಾರೆ. ನ್ಯಾಮತಿಯ ವರ್ತಕರೊಬ್ಬರು, ರಸಾಯನದ ಗುಳಿಗೆಗಿಂತ ನಮ್ಮ ಬೆಲ್ಲವೂ ಜೇನುತುಪ್ಪವೂ ಮೇಲಲ್ಲವೆ ಎನ್ನುತ್ತಾರೆ. ಜಗಳೂರಿನ ತರುಣ ಉಪಾಧ್ಯಾಯರೊಬ್ಬರದು ಬೇರೆ ಬಗೆಯ ಚಿಂತೆ: "ನಮ್ಮ ತಂದೆಯವರು ಸಕ್ಕರೆಯನ್ನು ಸಂಪೂರ್ಣವಾಗಿ ಬಿಟ್ಟಿದ್ದಾರೆ, ಗುಳಿಗೆಯನ್ನೇ ಬಳಸುತ್ತಾರೆ, ಉಣ್ಣುವುದು ರಾಗಿಮುದ್ದೆ. ಆದರೂ ರಕ್ತದ ಸಕ್ಕರೆ ಇಳಿಯಲಿಲ್ಲ; ಕಾರಣವೇನು?"

ನಾಲ್ಕು ಪ್ರಶ್ನೆಗಳೂ ಯೋಗ್ಯವಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನ ಮಧುಮೇಹಿಗಳು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿ ೬೦ ಲಕ್ಷ. ಆದಕಾರಣ ಈ ವಿಚಾರವು ನಾಲ್ಕು ಮನೆಗಳಿಗೆ ಮಾತ್ರ ಸೇರಿದ್ದಲ್ಲ. ನಾಲ್ವರಿಗೂ ಪ್ರತ್ಯೇಕವಾಗಿ ಬರೆಯುವ ಬದಲು ಇಲ್ಲಿಯೇ ಉತ್ತರವನ್ನು ಹೇಳುತ್ತೇನೆ. ಇವರಲ್ಲಿ ಯಾರೂ ಕೇಳದೆ ಬಿಟ್ಟ ಐದನೆಯ ಪ್ರಶ್ನೆಯೊಂದುಂಟು. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಅದನ್ನೂ ಕೊನೆಯಲ್ಲಿ ವಿಚಾರಿಸೋಣ.

ತರ್ಕಶಾಸ್ತ್ರವನ್ನು ಓದುವ ಬಾಲಕನಿಗೆ ಮೊದಲು ಹೇಳಿಕೊಡುವುದು ಹೊಗೆ ಮತ್ತು ಬೆಂಕಿಯ ದೃಷ್ಟಾಂತವನ್ನು. ಎಲ್ಲೆಲ್ಲಿ ಹೊಗೆಯುಂಟೋ ಅಲ್ಲಲ್ಲಿ ಬೆಂಕಿಯುಂಟು. ಈ ನಿಯತವಾದ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ನಮ್ಮ ಹಿರಿಯರ ಕಾಲದಲ್ಲಿ ಸಿಹಿಗೂ ಸಕ್ಕರೆಗೂ ಹೆಚ್ಚು ಕಡಿಮೆ ಇಂತಹ ಸಂಬಂಧವೇ ಇತ್ತು. ಸಿಹಿಯಾದದ್ದೆಂದರೆ ಕಬ್ಬು, ಬೆಲ್ಲ, ಜೇನು, ಹಣ್ಣು, ಇವೆಲ್ಲದರಲ್ಲಿಯೂ ಸಕ್ಕರೆಯುಂಟು. ನಾಲಿಗೆ ಹೇಳಿದ್ದನ್ನು ದೇಹವು ನಂಬಬಹುದಾಗಿತ್ತು. ಕೃತಕವಾದ ಸಿಹಿಯು ಬಂದ ಮೇಲೆ ಈ ವ್ಯಾಪ್ತಿಯು ಮುರಿಯಿತು. ಈಗ ಸಿಹಿಯಿದ್ದಲ್ಲಿ ಸಕ್ಕರೆಯಿಲ್ಲದಿರಬಹುದು. ಸಕ್ಕರೆಯಿಲ್ಲವೆಂದು ಬರೆದಲ್ಲಿ ರಕ್ತದ ಸಕ್ಕರೆಯನ್ನು ಏರಿಸುವ ಬೇರೆ ಪದಾರ್ಥವಿರಬಹುದು. ಮಧುಮೇಹಿಯ ಮನೆಯಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ಮಾತುಗಳನ್ನು ಮರೆತುದರಿಂದಲೇ ಆಗುತ್ತವೆ.

ಹೆಸರಿನ ಇತಿಹಾಸವನ್ನು ಸ್ವಲ್ಪ ನೋಡೋಣ. ಸಂಸ್ಕೃತದ ಶರ್ಕರಾ ಎಂಬ ಶಬ್ದಕ್ಕೆ ಮೊದಲ ಅರ್ಥ ಮರಳುಕಲ್ಲು, ಹರಳು. ಹರಳುಹರಳಾಗಿದ್ದ ಕಬ್ಬಿನ ಸಿಹಿಗೆ ಆ ಹೆಸರು ಸಂದಿತು. ಅದು ಪ್ರಾಕೃತದ ಮಾರ್ಗವಾಗಿ ನಮ್ಮಲ್ಲಿ ಸಕ್ಕರೆಯಾಯಿತು. ಸಮುದ್ರವನ್ನು ದಾಟಿ ಗ್ರೀಕರಲ್ಲಿಯೂ ರೋಮನರಲ್ಲಿಯೂ ಬೇರೆ ರೂಪಗಳನ್ನು ತಾಳಿತು. ೧೮೭೯ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ, ರೆಮ್ಸೆನ್ ಎಂಬ ಆಚಾರ್ಯರ ಪ್ರಯೋಗಶಾಲೆಯಲ್ಲಿ ಕಲ್ಲಿದ್ದಲ ಡಾಂಬರಿನ ವಸ್ತುಗಳನ್ನು ಪರಿಶೋಧಿಸುತ್ತಿದ್ದ ಫಾಲ್‌ಬರ್ಗ್ ಎಂಬ ರಸಾಯನಜ್ಞನು, ಊಟಕ್ಕೆ ಕುಳಿತಾಗ ತನ್ನ ಕೈಗೆ ಅಂಟಿದ್ದ ಪದಾರ್ಥವೊಂದು ಅತಿಶಯವಾಗಿ ಸಿಹಿಯಾಗಿರುವುದನ್ನು ಕಂಡನು. ಸಕ್ಕರೆಗಿಂತ ಸುಮಾರು ಮುನ್ನೂರು ಪಾಲು ಸಿಹಿಯಾದ ಆ ಪದಾರ್ಥಕ್ಕೆ ಸ್ಯಾಕರಿನ್ ಎಂದು ನಾಮಕರಣವಾಯಿತು. ನಮ್ಮ ಶರ್ಕರೆಯ ಹೆಸರನ್ನು ಹೊತ್ತ ಆ ವಸ್ತುವಿನಲ್ಲಿ ಶರ್ಕರೆಯ ಲೇಶವೂ ಇಲ್ಲ!

ಅನಂತರ ಬಂದವು ಹಲವು. ೧೯೬೫ರಲ್ಲಿ ಆಸ್ಪರ್ಟೇಮ್; ಇದು ಸಕ್ಕರೆಯ ಸುಮಾರು ಇನ್ನೂರು ಪಾಲು ಸಿಹಿ. ೧೯೭೬ರಲ್ಲಿ ಲಂಡನ್ನಿನಲ್ಲಿ ಸುಕ್ರಲೋಸ್. ಇದು ಆರುನೂರು ಪಾಲು. ಈ ಸುಕ್ರಲೋಸನ್ನು ಮೊದಲು ನಾಲಿಗೆಗೆ ಇಟ್ಟುಕೊಂಡವರು ಶಶಿಕಾಂತ ಫಡ್ನೀಸ್ ಎಂಬ ಭಾರತೀಯ ವಿದ್ಯಾರ್ಥಿ. ಪದಾರ್ಥವನ್ನು ಪರೀಕ್ಷಿಸೆಂದು ಗುರುಗಳು ಇಂಗ್ಲಿಷಿನಲ್ಲಿ ಹೇಳಿದ್ದು ಇವರ ಕಿವಿಗೆ ರುಚಿ ನೋಡೆಂದು ಕೇಳಿಸಿತಂತೆ. ಪರಾಗ್ವೆ ದೇಶದ ಮೂಲನಿವಾಸಿಗಳು ಬಹುಕಾಲದಿಂದ ಬಳಸುತ್ತಿದ್ದ ಸ್ಟೀವಿಯಾ ಎಂಬ ಗಿಡದ ಎಲೆಯಿಂದ ತೆಗೆದ ಸಿಹಿಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೧೫ರಲ್ಲಿ ಅನುಮತಿ ಕೊಟ್ಟಿತು.

ಇವುಗಳ ಕಾರ್ಯವೇನು? ನಾವು ತಿಂದ ಸಕ್ಕರೆಯೂ ಅನ್ನ ರೊಟ್ಟಿಗಳ ಪಿಷ್ಟವೂ ಜೀರ್ಣವಾಗಿ ಗ್ಲೂಕೋಸ್ ಎಂಬ ಸಣ್ಣ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಅದನ್ನು ಅಂಗಾಂಗಗಳಿಗೆ ಒದಗಿಸುವುದು ಇನ್‌ಸುಲಿನ್ನಿನ ಕೆಲಸ. ಆ ಕೆಲಸವು ಸರಿಯಾಗಿ ನಡೆಯದೆ ಗ್ಲೂಕೋಸ್ ರಕ್ತದಲ್ಲಿಯೇ ನಿಲ್ಲುವುದು ಮಧುಮೇಹ. ಕೃತಕ ಸಿಹಿಗಳಾದರೋ ನಾಲಿಗೆಯನ್ನು ಮುಟ್ಟಿ ಸಿಹಿಯೆನಿಸುತ್ತವೆ, ಗ್ಲೂಕೋಸಾಗುವುದಿಲ್ಲ. ಸ್ಯಾಕರಿನ್ ಮೂತ್ರದಲ್ಲಿ ಹಾಗೆಯೇ ಹೊರಟುಹೋಗುತ್ತದೆ. ಸುಕ್ರಲೋಸಿನ ಬಹುಭಾಗವು ಮಲದಲ್ಲಿ ಹೋಗುತ್ತದೆ. ಆಸ್ಪರ್ಟೇಮ್ ಜೀರ್ಣವಾದರೂ ಬಳಸುವ ಪ್ರಮಾಣವು ಅತ್ಯಲ್ಪವಾದುದರಿಂದ ಲೆಕ್ಕಕ್ಕೆ ಬಾರದು. ಆದುದರಿಂದ ಕಾಫಿಗೆ ಹಾಕಿದ ಗುಳಿಗೆಯು ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ. ಇಷ್ಟೇ ಅದರ ಉಪಕಾರ. ಅದು ಏರಿಸುವುದಿಲ್ಲವೆಂದ ಮಾತ್ರಕ್ಕೆ ಇಳಿಸುತ್ತದೆಂದು ತಿಳಿಯಕೂಡದು. ಅದು ಔಷಧವಲ್ಲ.

ಜಗಳೂರಿನ ಉಪಾಧ್ಯಾಯರಿಗೆ ಉತ್ತರವು ಇಲ್ಲಿಯೇ ಅರ್ಧ ದೊರಕಿತು. ಉಳಿದರ್ಧಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ ೫ ಗ್ರಾಂ ಎಂದರೆ ದಿನಕ್ಕೆ ೪೦ ಗ್ರಾಂ, ತಿಂಗಳಿಗೆ ೧,೨೦೦ ಗ್ರಾಂ ಸಕ್ಕರೆ. ಇದನ್ನು ಬಿಟ್ಟದ್ದು ಒಳ್ಳೆಯದೇ. ಆದರೆ ಒಂದು ಬಟ್ಟಲು ಅನ್ನದಲ್ಲಿಯೇ ಸುಮಾರು ೪೫ ಗ್ರಾಂ ಪಿಷ್ಟವುಂಟು. ರಾಗಿಯೂ ಜೋಳವೂ ನವಣೆಯೂ ಧಾನ್ಯಗಳೇ. ನಾರು ಹೆಚ್ಚಾಗಿರುವುದರಿಂದ ನಯಮಾಡಿದ ಅಕ್ಕಿಗಿಂತ ಮೇಲಾದರೂ, ಅವುಗಳಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ಜಗಳೂರಿನ ಬೆದ್ದಲು ಭೂಮಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೇಗಿಲು ಹಿಡಿದವರಿಗೆ ಎರಡು ದೊಡ್ಡ ಮುದ್ದೆಗಳು ಸರಿಯಾಗಿ ಜೀರ್ಣವಾಗುತ್ತಿದ್ದವು. ಅದೇ ಎರಡು ಮುದ್ದೆಗಳನ್ನು ಉಂಡು ಜಗಲಿಯಲ್ಲಿ ಕುಳಿತರೆ ಅವು ರಕ್ತದಲ್ಲಿ ಸಕ್ಕರೆಯಾಗಿ ನಿಲ್ಲುತ್ತವೆ. ಸಂಜೆಗೆ ತಿನ್ನುವ ಮಂಡಕ್ಕಿಯು ಕೈಗೆ ಹಗುರ, ಬಾಯಿಗೆ ಖಾರ. ಆದರೆ ಬೇಗನೆ ಜೀರ್ಣವಾಗಿ ಸಕ್ಕರೆಯನ್ನು ಏರಿಸುವ ಪದಾರ್ಥಗಳಲ್ಲಿ ಅದೂ ಒಂದು.

ಇದಕ್ಕೆ ಪ್ರಮಾಣವಾಗಿ ಚೆನ್ನೈ ನಗರದ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ನಡೆಸಿ ೨೦೨೪ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಹೇಳಬಹುದು. ಮಧುಮೇಹಿಗಳಲ್ಲಿ ಒಂದು ಗುಂಪಿನವರು ೧೨ ವಾರಗಳ ಕಾಲ ಕಾಫಿ ಚಹಗಳಿಗೆ ಸಕ್ಕರೆಯ ಬದಲು ಸುಕ್ರಲೋಸನ್ನು ಹಾಕಿಕೊಂಡರು. ಇನ್ನೊಂದು ಗುಂಪಿನವರು ಸಕ್ಕರೆಯನ್ನೇ ಮುಂದುವರಿಸಿದರು. ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ೧ಸಿ ಎಂಬ ರಕ್ತಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಗುಳಿಗೆಯವರ ದೇಹದ ತೂಕವೂ ಸೊಂಟದ ಸುತ್ತಳತೆಯೂ ಸ್ವಲ್ಪ ಕಡಮೆಯಾದವು. ಅಂದರೆ ಕೆಡಕಾಗಲಿಲ್ಲ, ಆದರೆ ಚಮಚದಲ್ಲಿ ಮಾಡಿದ ಬದಲಾವಣೆಯು ತಟ್ಟೆಯಲ್ಲಿ ಮಾಡಬೇಕಾದ ಬದಲಾವಣೆಗೆ ಪ್ರತಿನಿಧಿಯಾಗಲಿಲ್ಲ. ಉಪಾಧ್ಯಾಯರ ತಂದೆಯವರು ಗುಳಿಗೆಯನ್ನು ಬಿಡಬೇಕಾಗಿಲ್ಲ. ಮುದ್ದೆಯನ್ನು ಚಿಕ್ಕದು ಮಾಡಿ, ಸೊಪ್ಪು ತರಕಾರಿ ಕಾಳುಗಳನ್ನು ಹೆಚ್ಚಿಸಿ, ಊಟವಾದ ಮೇಲೆ ಸ್ವಲ್ಪ ನಡೆಯಲಿ. ವೈದ್ಯರು ಕೊಟ್ಟ ಔಷಧದ ಪ್ರಮಾಣವು ಸಾಲದೆ ಇರಲೂಬಹುದು. ಅದನ್ನು ವೈದ್ಯರೇ ನಿರ್ಣಯಿಸತಕ್ಕದ್ದು. ಪ್ರಮೇಹದ ಇಪ್ಪತ್ತು ಪ್ರಭೇದಗಳನ್ನು ಎಣಿಸಿದ ನಮ್ಮ ಪ್ರಾಚೀನ ವೈದ್ಯರೂ, ಹುಟ್ಟಿನಿಂದ ಬಂದದ್ದು ಬೇರೆ, ಅಪಥ್ಯದಿಂದ ಬಂದದ್ದು ಬೇರೆ ಎಂದು ವಿಭಾಗಿಸಿ, ಎರಡನೆಯದಕ್ಕೆ ಮಿತಾಹಾರವನ್ನೂ ನಡಿಗೆಯನ್ನೂ ವಿಧಿಸಿದ್ದರು.

ಹೊನ್ನಾಳಿಯ ಸೋದರಿಯವರು ಕೇಳಿದ ಹೋಳಿಗೆಯ ಮಾತಿಗೆ ಬರೋಣ. ಯಜಮಾನರ ಎಲೆಯ ಮುಂದೆ ಹಬ್ಬದ ದಿನವೂ ಏನನ್ನೂ ಇಡಲಾಗದ ಸಂಕಟವು ಅಡಿಗೆಮನೆಯಲ್ಲಿ ನಿಂತವರಿಗೇ ಗೊತ್ತು. ಅವರ ಕಾಗದದಲ್ಲಿ ಆ ಸಂಕಟವು ಕಾಣುತ್ತದೆ. ಹೂರಣಕ್ಕೆ ಬೆಲ್ಲವನ್ನು ಬಿಟ್ಟು ಸಿಹಿಪುಡಿಯನ್ನು ಹಾಕಿದರೆ ಬೆಲ್ಲದ ಭಾಗವೊಂದು ಕಳೆಯುತ್ತದೆ, ನಿಜ. ಆದರೆ ಕಣಕದ ಮೈದಾ ಎಲ್ಲಿ ಹೋಯಿತು? ಕಡಲೆಬೇಳೆಯ ಪಿಷ್ಟವೆಲ್ಲಿ ಹೋಯಿತು? ಮೇಲೆ ಸುರಿಯುವ ತುಪ್ಪವೆಲ್ಲಿ ಹೋಯಿತು? ಇಂತಹ ಹೋಳಿಗೆಯನ್ನು ಒಂದು ತಿಂದು, ಆ ಹೊತ್ತಿನ ಅನ್ನವನ್ನು ಅದಕ್ಕೆ ತಕ್ಕಂತೆ ಬಿಟ್ಟರೆ ಬಾಧಕವಿಲ್ಲ. ಸಕ್ಕರೆಯಿಲ್ಲವೆಂಬ ಧೈರ್ಯದಿಂದ ನಾಲ್ಕು ತಿಂದರೆ ಬೆಲ್ಲದ ಹೋಳಿಗೆ ಒಂದನ್ನು ತಿಂದುದಕ್ಕಿಂತ ಹೆಚ್ಚಿನ ಅಪಥ್ಯವಾಗುತ್ತದೆ. ಇನ್ನೊಂದು ವಿಷಯ: ಆಸ್ಪರ್ಟೇಮ್ ಬಹಳ ಹೊತ್ತು ಕುದಿಸಿದರೆ ಸಿಹಿಯನ್ನು ಕಳೆದುಕೊಳ್ಳುತ್ತದೆ. ಅದನ್ನು ಪಾಯಸ ಕಾಫಿಗಳನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಬೇಕು. ಎಳೆಪಾಕ, ಉಂಡೆಪಾಕ ಮೊದಲಾದುವು ಯಾವ ಗುಳಿಗೆಯಿಂದಲೂ ಬರುವುದಿಲ್ಲ, ಏಕೆಂದರೆ ಪಾಕವು ಸಕ್ಕರೆಯ ಮೈಯಿಂದ ಆಗುವುದು, ಅದರ ಸಿಹಿಯಿಂದಲ್ಲ.

ಅಂಗಡಿಗಳಲ್ಲಿ ಮಾರುವ ಸಕ್ಕರೆರಹಿತ ಬಿಸ್ಕತ್ತು, ಮಿಠಾಯಿ, ಚಾಕೊಲೇಟುಗಳಿಗೂ ಈ ಮಾತೇ ಸಲ್ಲುತ್ತದೆ. ಅವುಗಳಲ್ಲಿ ಅನೇಕಕ್ಕೆ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಪದಾರ್ಥಗಳನ್ನು ಹಾಕುತ್ತಾರೆ. ಇವು ಸಕ್ಕರೆಯಷ್ಟಲ್ಲದಿದ್ದರೂ, ಅದರಲ್ಲಿಯೂ ಮಾಲ್ಟಿಟಾಲ್, ರಕ್ತದ ಸಕ್ಕರೆಯನ್ನು ಕೊಂಚ ಏರಿಸುತ್ತವೆ. ಹೆಚ್ಚಾಗಿ ತಿಂದರೆ ಹೊಟ್ಟೆಯುಬ್ಬರವೂ ಭೇದಿಯೂ ಆಗುತ್ತವೆ. ಡಬ್ಬಿಯ ಮುಖದ ದೊಡ್ಡ ಅಕ್ಷರಗಳನ್ನು ಓದುವವರು ಬೆನ್ನಿನ ಸಣ್ಣ ಅಕ್ಷರಗಳನ್ನೂ ಓದತಕ್ಕದ್ದು. ಅಲ್ಲಿ ಕಾರ್ಬೋಹೈಡ್ರೇಟು ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಮಧುಮೇಹಿಗೆ ಪ್ರಯೋಜನವಾದ ಅಂಕಿಯು ಅದೇ.

ಇನ್ನು ನ್ಯಾಮತಿಯ ವರ್ತಕರ ಬೆಲ್ಲ. ಆಲೆಮನೆಯ ಬಿಸಿಬೆಲ್ಲದ ಪರಿಮಳವನ್ನು ಬಲ್ಲವರಾರೂ ಅದನ್ನು ನಿಂದಿಸಲಾರರು. ಅದರಲ್ಲಿ ಸ್ವಲ್ಪ ಕಬ್ಬಿಣ ಮೊದಲಾದ ಖನಿಜಾಂಶಗಳುಂಟು. ಆದರೆ ಅದರ ಹೆಚ್ಚಿನ ಭಾಗವು ಸಕ್ಕರೆಯೇ. ಮಧುಮೇಹಿಯ ರಕ್ತಕ್ಕೆ ಬೆಲ್ಲದ ಬಣ್ಣವು ತಿಳಿಯುವುದಿಲ್ಲ. ಜೇನುತುಪ್ಪವೂ ಗ್ಲೂಕೋಸು ಮತ್ತು ಫ್ರಕ್ಟೋಸುಗಳ ಪಾನಕವೇ. ವಿಶ್ವ ಆರೋಗ್ಯ ಸಂಸ್ಥೆಯು ಮಿತಿಗೊಳಿಸಬೇಕಾದ ಸಕ್ಕರೆಗಳ ಪಟ್ಟಿಯಲ್ಲಿ ಜೇನನ್ನೂ ಎಣಿಸಿದೆ. ಸಹಜವಾದದ್ದೆಲ್ಲ ಹಿತವೆಂಬ ನಿಯಮವಿಲ್ಲ. ಮನುಷ್ಯನು ಮಾಡಿದ್ದೆಲ್ಲ ಅಹಿತವೆಂಬ ನಿಯಮವೂ ಇಲ್ಲ. ಮಧುಮೇಹಿಗಳ ಪ್ರಾಣವನ್ನು ಉಳಿಸುವ ಇನ್‌ಸುಲಿನ್ ಔಷಧವನ್ನು ಇಂದು ತಯಾರಿಸುವುದು ಕಾರ್ಖಾನೆಯಲ್ಲಿ.

ಚನ್ನಗಿರಿಯವರ ಪ್ರಶ್ನೆಯು ಭಯದಿಂದ ಹುಟ್ಟಿದ್ದು. ಅದಕ್ಕೆ ಸಾವಧಾನವಾಗಿ ಉತ್ತರ ಹೇಳಬೇಕು. ಸ್ಯಾಕರಿನ್ ತಿಂದ ಇಲಿಗಳಿಗೆ ಮೂತ್ರಕೋಶದ ಅರ್ಬುದವಾಯಿತೆಂದು ತಿಳಿದು ೧೯೭೭ರಲ್ಲಿ ಅಮೆರಿಕದಲ್ಲಿ ಡಬ್ಬಿಗಳ ಮೇಲೆ ಎಚ್ಚರಿಕೆಯನ್ನು ಮುದ್ರಿಸುವಂತೆ ವಿಧಿಸಿದರು. ಆ ವಿಕಾರವು ಇಲಿಗಳ ದೇಹಧರ್ಮಕ್ಕೆ ಸೇರಿದ್ದು, ಮನುಷ್ಯರಿಗೆ ಅನ್ವಯಿಸದು ಎಂದು ಮುಂದೆ ಸ್ಥಿರಪಟ್ಟು, ೨೦೦೦ದಲ್ಲಿ ಆ ಎಚ್ಚರಿಕೆಯನ್ನು ತೆಗೆದರು. ೨೦೨೩ರ ಜುಲೈ ತಿಂಗಳಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮನ್ನು "ಅರ್ಬುದಕಾರಕವಾಗಿರುವ ಸಂಭವವುಳ್ಳದ್ದು" ಎಂಬ ವರ್ಗಕ್ಕೆ ಸೇರಿಸಿತು. ದೊರೆತಿರುವ ಸಾಕ್ಷ್ಯವು ಅಲ್ಪವೆಂಬುದೇ ಆ ವರ್ಗದ ಅರ್ಥ. ಅದೇ ಸಮಯದಲ್ಲಿ ಆಹಾರದ ಬೆರಕೆಗಳನ್ನು ಪರಿಶೀಲಿಸುವ ತಜ್ಞಮಂಡಲಿಯು, ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ ೪೦ ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. ೬೦ ಕಿಲೋಗ್ರಾಂ ತೂಕದವರಿಗೆ ಇದು ೨,೪೦೦ ಮಿಲಿಗ್ರಾಂ. ಒಂದು ಸಣ್ಣ ಗುಳಿಗೆಯಲ್ಲಿ ಸುಮಾರು ೨೦ ಮಿಲಿಗ್ರಾಂ ಎಂದು ಹಿಡಿದರೆ ನೂರಿಪ್ಪತ್ತು ಗುಳಿಗೆಗಳಾದವು. ದಿನಕ್ಕೆ ನಾಲ್ಕೋ ಆರೋ ಹಾಕಿಕೊಳ್ಳುವ ನಮ್ಮ ಗೃಹಸ್ಥರು ಅದರಿಂದ ಬಹು ದೂರದಲ್ಲಿದ್ದಾರೆ. ಆದರೆ ಫೀನೈಲ್‌ಕೀಟೋನೂರಿಯ ಎಂಬ ಅಪರೂಪದ ಹುಟ್ಟುರೋಗವುಳ್ಳವರು ಆಸ್ಪರ್ಟೇಮನ್ನು ಮುಟ್ಟಕೂಡದು.

ಇದೇ ಗೃಹಸ್ಥರು ತಮ್ಮ ಕಾಗದದಲ್ಲಿ, ಊಟವಾದ ಮೇಲೆ ಸಿಹಿ ಅಡಕೆಪುಡಿಯನ್ನು ಹಾಕಿಕೊಳ್ಳುವ ಅಭ್ಯಾಸವಿದೆ, ಅದರಲ್ಲಿ ಸಕ್ಕರೆಯಿಲ್ಲವಷ್ಟೆ ಎಂದು ಪ್ರಾಸಂಗಿಕವಾಗಿ ಬರೆದಿದ್ದಾರೆ. ಪೊಟ್ಟಣದ ಅಡಕೆಪುಡಿ, ಪಾನ್ ಮಸಾಲೆಗಳಿಗೆ ಸ್ಯಾಕರಿನ್ನನ್ನು ಬೆರೆಸುವುದುಂಟು. ಸ್ಯಾಕರಿನ್ನಿನ ವಿಷಯದಲ್ಲಿ ಅವರಿಗೆ ಇಷ್ಟು ಭಯವಿದೆ. ಅಡಕೆಯ ವಿಷಯದಲ್ಲಿ ಇಲ್ಲ. ಮೇಲೆ ಹೇಳಿದ ಸಂಸ್ಥೆಯೇ ಅಡಕೆಯನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದು ನಿಶ್ಚಿತವಾದ ಮೊದಲನೆಯ ವರ್ಗದಲ್ಲಿ ಇಟ್ಟು ೨೦೦೪ರಲ್ಲಿಯೇ ಪ್ರಕಟಿಸಿದೆ. ಅಡಕೆಯಿಂದ ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಪ್ರಿಯವಲ್ಲವೆಂದು ಬಲ್ಲೆ. ಆದರೂ ಕೇಳಿದವರಿಗೆ ನಿಜವನ್ನು ಹೇಳದಿರುವುದು ಧರ್ಮವಲ್ಲ.

ಗುಳಿಗೆಗಳು ನಿರ್ದೋಷವೆಂದು ಡಂಗುರ ಹೊಡೆಯುವವರನ್ನೂ ನಾನು ಒಪ್ಪುವುದಿಲ್ಲ. ೨೦೨೨ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಅಲ್ಲಿಯವರೆಗೆ ಕೃತಕ ಸಿಹಿಯನ್ನು ಬಳಸದಿದ್ದ ೧೨೦ ಜನ ಆರೋಗ್ಯವಂತರನ್ನು ಗುಂಪುಗಳಾಗಿ ವಿಂಗಡಿಸಿ ಎರಡು ವಾರ ಪರೀಕ್ಷಿಸಿದರು. ಸ್ಯಾಕರಿನ್ ಮತ್ತು ಸುಕ್ರಲೋಸ್ ತಿಂದವರಲ್ಲಿ, ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿ ಗ್ಲೂಕೋಸನ್ನು ನಿರ್ವಹಿಸುವ ಶಕ್ತಿಯು ಕೊಂಚ ಕುಗ್ಗಿದುದು ಕಂಡುಬಂದಿತು. ಅದೂ ಎಲ್ಲರಲ್ಲಿ ಒಂದೇ ಸಮನಾಗಿ ಅಲ್ಲ. ೨೦೨೩ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ದೇಹದ ತೂಕವನ್ನು ಹತೋಟಿಯಲ್ಲಿಡುವ ಸಾಧನವಾಗಿ ಈ ಸಿಹಿಗಳನ್ನು ಬಳಸಬಾರದೆಂದು ಸಲಹೆಮಾಡಿತು. ಬಹುಕಾಲ ಬಳಸಿದವರಲ್ಲಿ ಮಧುಮೇಹವೂ ಹೃದ್ರೋಗವೂ ಹೆಚ್ಚಾಗಿ ಕಂಡಿವೆ ಎಂಬುದು ಒಂದು ಕಾರಣ. ಆದರೆ ಆ ಸಲಹೆಯು ಈಗಾಗಲೇ ಮಧುಮೇಹವಿರುವವರಿಗೆ ಅನ್ವಯಿಸುವುದಿಲ್ಲವೆಂದು ಸಂಸ್ಥೆಯೇ ಸ್ಪಷ್ಟಪಡಿಸಿದೆ. ಕೊಡೆ ಹಿಡಿದವರು ಹೆಚ್ಚಾಗಿರುವ ಬೀದಿಯಲ್ಲಿ ಮಳೆಯೂ ಇರುತ್ತದೆ. ಕೊಡೆಯಿಂದ ಮಳೆ ಬಂತೆನ್ನಲಾಗದು. ಹಾಗೆಯೇ ಸ್ಥೂಲಕಾಯದವರೂ ರೋಗದ ಅಂಜಿಕೆಯುಳ್ಳವರೂ ಮೊದಲೇ ಗುಳಿಗೆಯನ್ನು ಹಿಡಿದಿರಬಹುದು. ಇಂತಿರಲು, ಮಧುಮೇಹಿಯು ಸಕ್ಕರೆಯ ಬದಲಿಗೆ ಮಿತವಾಗಿ ಬಳಸಲಿ. ರೋಗವಿಲ್ಲದವರು, ಅದರಲ್ಲಿಯೂ ಮಕ್ಕಳು, ಅಭ್ಯಾಸಮಾಡಿಕೊಳ್ಳದಿರಲಿ. ಈ ನಿರ್ಣಯವೇ ಇಂದಿನ ತಿಳಿವಿಗೆ ತಕ್ಕದ್ದು.

ಇನ್ನು ಯಾರೂ ಕೇಳದ ಐದನೆಯ ಪ್ರಶ್ನೆ. ಮಧುಮೇಹಿಯ ರಕ್ತದ ಸಕ್ಕರೆಯು ಏರುವುದಷ್ಟೇ ಅಲ್ಲ, ಇಳಿಯುವುದೂ ಉಂಟು. ಇನ್‌ಸುಲಿನ್ ಚುಚ್ಚಿಕೊಳ್ಳುವವರೂ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳನ್ನು ನುಂಗುವವರೂ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ಉಪವಾಸ ಮಾಡಿದರೆ, ಹೆಚ್ಚು ದುಡಿದರೆ, ಸಕ್ಕರೆಯು ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಆಗ ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತೊದಲುವುದು; ಬಿಟ್ಟರೆ ಪ್ರಜ್ಞೆಯೂ ತಪ್ಪುತ್ತದೆ. ನನಗೆ ಪರಿಚಿತವಾದ ಮನೆಯೊಂದರಲ್ಲಿ ಏಕಾದಶಿಯ ದಿನ ಹಿರಿಯರಿಗೆ ಹೀಗಾಯಿತು. ಆ ಮನೆಯಲ್ಲಿ ಅವರ ಹಿತಕ್ಕಾಗಿಯೇ ಸಕ್ಕರೆಯನ್ನು ತರುವುದನ್ನು ನಿಲ್ಲಿಸಿದ್ದರು. ಸೊಸೆಯು ಗಾಬರಿಯಿಂದ ಒಂದು ಲೋಟ ಕಾಫಿಗೆ ನಾಲ್ಕು ಸಿಹಿಗುಳಿಗೆಗಳನ್ನು ಹಾಕಿ, "ಮಾವನವರೇ, ಚೆನ್ನಾಗಿ ಸಿಹಿಯಾಗಿದೆ, ಕುಡಿಯಿರಿ" ಎಂದು ಕುಡಿಸಿದಳು. ಹಿರಿಯರು ಕುಡಿದರು, ನಡುಕವು ನಿಲ್ಲಲಿಲ್ಲ, ಬೆವರು ಹೆಚ್ಚಿತು. ನೆರೆಮನೆಯ ಮುದುಕಿಯೊಬ್ಬಳು ದೇವರ ಮುಂದಿದ್ದ ಕಲ್ಲುಸಕ್ಕರೆಯನ್ನು ಕುಟ್ಟಿ ನೀರಿನಲ್ಲಿ ಕದಡಿ ಕುಡಿಸಿದ ಮೇಲೆ ಕಾಲು ಗಂಟೆಯಲ್ಲಿ ಅವರು ಎದ್ದು ಕುಳಿತರು. ಸೊಸೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಸಿಹಿಯಿದೆ, ಆದುದರಿಂದ ಸಕ್ಕರೆಯಿದೆ ಎಂಬ ಹಳೆಯ ವ್ಯಾಪ್ತಿಯನ್ನು ಅವಳು ನಂಬಿದ್ದಳು, ಅಷ್ಟೆ.

ಆದಕಾರಣ ಮಧುಮೇಹಿಯಿರುವ ಪ್ರತಿಯೊಂದು ಮನೆಯಲ್ಲಿಯೂ ನಿಜವಾದ ಸಕ್ಕರೆಯು ಕೈಗೆಟಕುವ ಸ್ಥಳದಲ್ಲಿ ಇರಲೇಬೇಕು. ಈ ಲಕ್ಷಣಗಳು ಕಂಡೊಡನೆ ೧೫ ಗ್ರಾಂ, ಅಂದರೆ ಮೂರು ಚಮಚ ಸಕ್ಕರೆಯನ್ನಾಗಲಿ ಗ್ಲೂಕೋಸ್ ಪುಡಿಯನ್ನಾಗಲಿ ನೀರಿನಲ್ಲಿ ಕರಗಿಸಿ ಕುಡಿಸಬೇಕು. ೧೫ ನಿಮಿಷಗಳಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಅಷ್ಟೇ ಕೊಟ್ಟು, ಚೇತರಿಸಿಕೊಂಡ ಮೇಲೆ ಸ್ವಲ್ಪ ಊಟ ಮಾಡಿಸಬೇಕು. ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಸಕ್ಕರೆಯು ಬೇಗನೆ ಜೀರ್ಣವಾಗದು. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಶ್ವಾಸನಾಳಕ್ಕೆ ಇಳಿದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಳ್ಳಿಗಳಿಂದ ತಾಲ್ಲೂಕಿನ ಆಸ್ಪತ್ರೆಯು ದೂರವಾಗಿರುವಲ್ಲಿ ಈ ಮೂರು ಚಮಚ ಸಕ್ಕರೆಯು ಒಂದು ಪ್ರಾಣದ ಬೆಲೆಯುಳ್ಳದ್ದು. ಗುಳಿಗೆಯ ಡಬ್ಬಿ ಒಂದು ಕಡೆ, ಸಕ್ಕರೆಯ ಡಬ್ಬಿ ಇನ್ನೊಂದು ಕಡೆ ಇರಲಿ; ಎರಡಕ್ಕೂ ಹೆಸರಿನ ಚೀಟಿಯನ್ನು ಅಂಟಿಸಿ, ಮನೆಯ ಮಕ್ಕಳಿಗೂ ತಿಳಿಸಿಡಿರಿ.

ಕೊನೆಯದಾಗಿ ನಾಲಿಗೆಯ ಮಾತು. ಗುಳಿಗೆಯು ಸಕ್ಕರೆಯನ್ನು ಬಿಡಿಸುತ್ತದೆ, ಸಿಹಿಯ ಆಸೆಯನ್ನು ಬಿಡಿಸುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನಾಗಿ ನಾನು ಕಂಡ ಮಟ್ಟಿಗೆ, ಗದರಿಸಿ ಕಲಿಸಿದ್ದು ಬೇಗ ಮರೆಯುತ್ತದೆ, ಮೆಲ್ಲನೆ ಕಲಿಸಿದ್ದು ನಿಲ್ಲುತ್ತದೆ. ನಾಲಿಗೆಯೂ ಅಂತಹ ವಿದ್ಯಾರ್ಥಿಯೇ. ಎರಡು ಚಮಚವನ್ನು ಈ ವಾರ ಒಂದೂವರೆ ಮಾಡಿ, ಮುಂದಿನ ವಾರ ಒಂದು ಮಾಡಿ. ಗುಳಿಗೆಯಾದರೂ ಎರಡನ್ನು ಒಂದು ಮಾಡಿ. ಕೆಲವು ವಾರಗಳಲ್ಲಿ ಹಾಲಿನ ಸಹಜವಾದ ಸಿಹಿಯೇ ಸಾಕೆನ್ನಿಸುತ್ತದೆ. ಬಂದ ನೆಂಟರಿಗೆ ಸಕ್ಕರೆ ಹಾಕಲೋ ಬೇಡವೋ ಎಂದು ಕೇಳಿ ಕಾಫಿ ಕೊಡುವುದನ್ನು ಈಗ ಯಾರೂ ಅನಾದರವೆಂದು ಎಣಿಸುವುದಿಲ್ಲ. ಅದೂ ಒಂದು ಉಪಚಾರವೇ.

ಉಪವಾಸದ ದಿನಗಳಲ್ಲಿ ಮಧುಮೇಹಿಗಳು ಮಾತ್ರೆಗಳ ವಿಷಯದಲ್ಲಿ ನಡೆಯಬೇಕಾದ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ. ಅದುವರೆಗೆ, ಇಂತಹ ರೋಗಿಗಳುಳ್ಳ ಮನೆಯವರು ವ್ರತವನ್ನು ಹಿಡಿಯುವ ಮೊದಲು ತಮ್ಮ ವೈದ್ಯರನ್ನು ಒಂದು ಮಾತು ಕೇಳಲಿ.